ಸಹಿಯಿಲ್ಲದ ಸೀರೆ

ರುಕ್ಮಿಣಿದೇವಿ ಅರುಂಡೇಲ್ ಅಂದರೆ ಭರತನಾಟ್ಯ. ನಮ್ಮ ಕಡೆ ಯಾರನ್ನು ಕೇಳಿದರೂ ಇದೇ ಉತ್ತರ. ಸ್ವಲ್ಪ ಹೆಚ್ಚು ಓದಿಕೊಂಡವರು ಕಲಾಕ್ಷೇತ್ರದ ಹೆಸರು ಸೇರಿಸುತ್ತಾರೆ. 1977ರಲ್ಲಿ ಮೊರಾರ್ಜಿ ದೇಸಾಯಿ ರಾಷ್ಟ್ರಪತಿ ಸ್ಥಾನಕ್ಕೆ ಅವರ ಹೆಸರೆತ್ತಿದಾಗ ಬೇಡ ಅಂದವರಲ್ಲವೇ ಎಂದು ಹಿರಿಯರು ಯಾರಾದರೂ ನೆನೆಯುತ್ತಾರೆ. ಅಲ್ಲಿಗೆ ಮುಗಿಯಿತು. ನಾನು ಬ್ಯಾಂಕಿನ ಕೆಲಸದ ಮೇಲೆ ಚೆನ್ನೈಗೆ ವರ್ಗವಾಗಿ ಬಂದವಳು. ಈ ಊರಿನ ಸಂಗೀತ ಸಭೆಗಳಲ್ಲಿ, ಮದುವೆ ಮಂಟಪಗಳಲ್ಲಿ, ನಮ್ಮ ಕೌಂಟರಿನ ಆಚೆ ಬದಿಯ ಸಾಲಿನಲ್ಲಿ ಹೆಂಗಸರ ಸೀರೆ ನೋಡುತ್ತ ನೋಡುತ್ತ ನನ್ನೊಳಗೆ ಒಂದು ವಿಚಾರ ಗಟ್ಟಿಯಾಗಿದೆ. ರುಕ್ಮಿಣಿದೇವಿಯವರ ನೃತ್ಯವನ್ನು ಕಂಡವರಿಗಿಂತ ಅವರ ಸೀರೆಯನ್ನು ಕಂಡವರು, ಉಟ್ಟವರು ಎಷ್ಟೋ ಪಾಲು ಹೆಚ್ಚು. ನೃತ್ಯದ ಮೇಲೆ ಗ್ರಂಥಗಳಿವೆ, ಜಗಳಗಳಿವೆ. ಸೀರೆಯನ್ನು ಮಾತ್ರ ಎಲ್ಲರೂ ‘ತುಂಬಾ ಚೆನ್ನಾಗಿದೆ’ ಅಂದು ಮಡಚಿ ಬೀರುವಿನಲ್ಲಿ ಇಡುತ್ತಾರೆ. ಒಂದು ಕೃತಿ ಅಂತ ಎದುರಿಗೆ ಹಾಸಿಕೊಂಡು ನೋಡುವುದಿಲ್ಲ. ನಾನಿಲ್ಲಿ ಮಾಡಹೊರಟಿರುವುದು ಅದನ್ನೇ.

ಟಿ. ನಗರದ ಪನಗಲ್ ಪಾರ್ಕಿನ ಸುತ್ತಮುತ್ತ ಯಾವ ಸೀರೆ ಅಂಗಡಿಗೆ ಬೇಕಾದರೂ ಹೋಗಿ ‘ಕಲಾಕ್ಷೇತ್ರ ಬಾರ್ಡರ್ ತೋರಿಸಿ’ ಅನ್ನಿ. ಕೇಳಿದವರ ಮುಖ ನೋಡದೆ ಹತ್ತು ಸೀರೆ ಬಿಚ್ಚಿ ಹಾಸುತ್ತಾರೆ. ಅಂಗೈಗಿಂತ ಅಗಲದ ದಡಿ, ಒಡಲಿಗೂ ದಡಿಗೂ ಸಂಬಂಧವೇ ಇಲ್ಲದಂಥ ಬಣ್ಣ, ಜರಿ ಕಮ್ಮಿ. ಅವುಗಳಲ್ಲಿ ಹೆಚ್ಚಿನವಕ್ಕೆ ತಿರುವಾನ್ಮಿಯೂರಿನ ಕಲಾಕ್ಷೇತ್ರ ಯಾವ ದಿಕ್ಕಿಗಿದೆ ಅಂತಲೂ ಗೊತ್ತಿರಲಿಕ್ಕಿಲ್ಲ. ಒಬ್ಬರ ಅಭಿರುಚಿ ಹೀಗೆ ಜಾತಿವಾಚಕವಾಗಿಬಿಡುವುದು ಸಣ್ಣ ಸಂಗತಿಯಲ್ಲ.

ಜೀವನದ ವಿವರ ಚುಟುಕಾಗಿ ಹೇಳಿಬಿಡುತ್ತೇನೆ. ಹುಟ್ಟಿದ್ದು 1904ರ ಫೆಬ್ರವರಿ 29ರಂದು, ಮಧುರೆಯಲ್ಲಿ. ತಂದೆ ನೀಲಕಂಠ ಶಾಸ್ತ್ರಿಗಳು ಲೋಕೋಪಯೋಗಿ ಇಲಾಖೆಯ ಎಂಜಿನಿಯರು, ಥಿಯೊಸಾಫಿಕಲ್ ಸೊಸೈಟಿಯ ಕಡೆ ಒಲಿದವರು. ಹಾಗಾಗಿ ಮನೆ ಮದ್ರಾಸಿನ ಅಡ್ಯಾರಿಗೆ ಬಂತು. 1920ರಲ್ಲಿ, ಹದಿನಾರರ ವಯಸ್ಸಿಗೆ, ತನಗಿಂತ ಇಪ್ಪತ್ತೈದು ವರ್ಷಕ್ಕೂ ದೊಡ್ಡವರಾದ ಇಂಗ್ಲಿಷರ ಜಾರ್ಜ್ ಅರುಂಡೇಲರನ್ನು ಮದುವೆಯಾದರು. ಬ್ರಾಹ್ಮಣ ಮನೆತನದ ಹುಡುಗಿ ಬಿಳಿಯನನ್ನು ಮದುವೆಯಾದದ್ದಕ್ಕೆ ಊರೆಲ್ಲ ಹುಯಿಲೆದ್ದಿತು. ಗಂಡನ ಜೊತೆ ದೇಶ ದೇಶ ಸುತ್ತಿದರು. 1920ರ ದಶಕದ ಕೊನೆಗೆ ರಷ್ಯದ ಬ್ಯಾಲೆ ಕಲಾವಿದೆ ಅನ್ನಾ ಪಾವ್ಲೋವಾರ ಪರಿಚಯವಾಯಿತು. ನಿಮ್ಮ ನಾಡಿನ ನೃತ್ಯವನ್ನೇ ಹುಡುಕಿ ನೋಡಿ ಅಂತ ಪಾವ್ಲೋವಾ ಹೇಳಿದ್ದು ಎಲ್ಲರಿಗೂ ಗೊತ್ತಿರುವ ಕತೆ. ಪಂದನಲ್ಲೂರು ಮೀನಾಕ್ಷಿಸುಂದರಂ ಪಿಳ್ಳೆಯವರಲ್ಲಿ ಕಲಿತು 1935ರಲ್ಲಿ ಅಡ್ಯಾರಿನಲ್ಲಿ ವೇದಿಕೆ ಹತ್ತಿದರು. 1936ರಲ್ಲಿ ಕಲಾಕ್ಷೇತ್ರ. ಗಂಡ 1945ರಲ್ಲಿ ತೀರಿಕೊಂಡ ಮೇಲೆ ಸೊಸೈಟಿಯ ಆವರಣದಲ್ಲಿ ಇರುವುದು ಕಷ್ಟವಾಗಿ ಸಂಸ್ಥೆಯನ್ನು ತಿರುವಾನ್ಮಿಯೂರಿನ ಮರಳುಗಾಡಿಗೆ ಒಯ್ದು ಅಲ್ಲಿ ಮರ ನೆಟ್ಟರು. 1952ರಲ್ಲಿ ರಾಜ್ಯಸಭೆ, 1960ರಲ್ಲಿ ಪ್ರಾಣಿಹಿಂಸೆ ತಡೆಯುವ ಕಾಯಿದೆಯ ಹಿಂದಿನ ದುಡಿಮೆ, 1986ರ ಫೆಬ್ರವರಿಯಲ್ಲಿ ಸಾವು. ಈ ಸಾಲುಗಳು ಯಾವ ಜೀವನಚರಿತ್ರೆಯಲ್ಲೂ ಸಿಗುತ್ತವೆ. ಮಗ್ಗ ಮಾತ್ರ ಅಲ್ಲಿ ಒಂದೆರಡು ವಾಕ್ಯದಲ್ಲಿ ಮುಗಿದುಹೋಗುತ್ತದೆ.

ಮಗ್ಗ ಬಂದದ್ದು ಯಾಕೆ? ಕುಣಿಯುವವರಿಗೆ ಬಟ್ಟೆ ಬೇಕಿತ್ತು. ಅಷ್ಟೇ ಕಾರಣ. ಅದಕ್ಕೂ ಹಿಂದೆ ನರ್ತಕಿಯರು ಚಲ್ಲಣದ ಮೇಲೆ ಸೀರೆ ಸುತ್ತಿ ಆಡುತ್ತಿದ್ದರು. ರುಕ್ಮಿಣಿದೇವಿ ತಮ್ಮ ವೇಷಕ್ಕೆ ದೇವಸ್ಥಾನದ ಶಿಲ್ಪಗಳನ್ನು ನೋಡಿ ಬಂದರು. ಹೊಲಿಗೆಗೆ ನೆರವಾದವರು ಇಟಲಿಯ ಮದಾಂ ಕಜಾನ್. ಇವತ್ತು ಬೆಂಗಳೂರಿನ ಮಲ್ಲೇಶ್ವರದ ಮಕ್ಕಳು ರಂಗಪ್ರವೇಶಕ್ಕೆ ಹಾಕಿಕೊಳ್ಳುವ, ಕಾಲಗಲಿಸಿದಾಗ ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳುವ ಆ ನೆರಿಗೆಯ ಹಿಂದೆ ರುಕ್ಮಿಣಿದೇವಿಯವರ ಕಣ್ಣೂ ಒಬ್ಬ ಇಟಲಿಯ ಹೆಂಗಸಿನ ಸೂಜಿಯೂ ಇವೆ. ನಮ್ಮದು ಅಂತ ನಾವು ಎದೆ ತಟ್ಟಿಕೊಳ್ಳುವ ವಸ್ತುಗಳ ಜಾತಕ ಬಿಚ್ಚಿದರೆ ಹೀಗೇ. ಇರಲಿ.

ಆ ಕಾಲದ ಮದ್ರಾಸಿನಲ್ಲಿ ಉಳ್ಳವರ ಮನೆಯ ಹೆಂಗಸರಿಗೆ ಶಿಫಾನ್, ಜಾರ್ಜೆಟ್ ಬೇಕಿತ್ತು. ಹಳೆಯ ಅಗಲ ದಡಿಯ ರೇಷ್ಮೆ ಸೀರೆ ಅಜ್ಜಿಯರ ಟ್ರಂಕಿಗೆ ಇಳಿದಿತ್ತು. ರುಕ್ಮಿಣಿದೇವಿ ಆ ಟ್ರಂಕುಗಳನ್ನು ತೆಗೆಸಿದರು. ಹಳೆಯ ಸೀರೆಗಳನ್ನು ಮಾದರಿಗಿಟ್ಟು, ಕಲಾಕ್ಷೇತ್ರ ಶುರುವಾದ ಸ್ವಲ್ಪ ಕಾಲದಲ್ಲೇ ನೇಕಾರರನ್ನು ಕರೆಸಿ, ಮಗ್ಗ ಹೂಡಿಸಿ ನೇಯಿಸಿದರು. ಹಾಗಾದರೆ ಅವರು ಮಾಡಿದ್ದು ನಕಲು ತಾನೇ, ಇದರಲ್ಲಿ ಡಿಸೈನರ್ ಎಲ್ಲಿ ಬಂದರು ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಗೆ ಉತ್ತರ ಕೊಡಬೇಕಾದರೆ ಮಗ್ಗದ ಒಳಗೆ ಇಣುಕಬೇಕು.

ನಾನು ಇಳಕಲ್ ಕಡೆಯವಳು. ನಮ್ಮ ಸೀರೆಯ ಗುಟ್ಟು ಸೆರಗಿನಲ್ಲಿದೆ. ಒಡಲಿನ ಹಾಸು ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಒಂದೊಂದೇ ಎಳೆಯನ್ನು ಕೊಂಡಿ ಹಾಕಿ ಕೂಡಿಸಬೇಕು. ಟೋಪ್ ತೆನಿ ಸೆರಗು ಅನ್ನುವುದು ಹೀಗೆ ಹುಟ್ಟುತ್ತದೆ. ಪ್ರತಿ ಸೀರೆಗೂ ಸೆರಗಿನ ಹಾಸನ್ನು ಹೊಸದಾಗಿ ಕೂಡಿಸಬೇಕಾದ್ದರಿಂದ ಗಿರಣಿಯ ಹಾಗೆ ಸಾಲಾಗಿ ಇಳಿಸುತ್ತ ಹೋಗಲಾಗುವುದಿಲ್ಲ. ಕಾಂಚಿಪುರದಲ್ಲೂ ಸೆರಗಿನ ಬಣ್ಣ ಪೂರ್ತಿ ಬದಲಾಗಬೇಕಾದರೆ ಇಂಥದೇ ಒಂದು ಕೂಡಿಕೆಯಿದೆ, ಅದಕ್ಕೆ ಪೆಟ್ನಿ ಅನ್ನುತ್ತಾರೆ. ಆದರೆ ಅಲ್ಲಿನ ನಿಜವಾದ ಹೆಚ್ಚುಗಾರಿಕೆ ಇರುವುದು ದಡಿಯಲ್ಲಿ. ಸಾಧಾರಣ ನೇಯ್ಗೆಯಲ್ಲಿ ಒಂದೇ ಲಾಳಿ ಈ ಕೊನೆಯಿಂದ ಆ ಕೊನೆಗೆ ಓಡುತ್ತದೆ. ಒಡಲು ಅರಗಿನ ಕೆಂಪು, ದಡಿಯ ಹಾಸು ಹಸಿರು ಅಂದುಕೊಳ್ಳಿ. ಕೆಂಪು ಹೊಕ್ಕು ಹಸಿರು ಹಾಸಿನ ಮೇಲೂ ಹಾದುಹೋಗುತ್ತದೆ. ಹಸಿರು ಕಲಸಿಹೋಗುತ್ತದೆ, ಮಂಕಾಗುತ್ತದೆ. ದಡಿ ಅಪ್ಪಟ ಹಸಿರಾಗಿಯೇ ಉಳಿಯಬೇಕಾದರೆ ದಡಿಗೆ ಅದರದೇ ಹೊಕ್ಕು ಬೇಕು, ಅದರದೇ ಲಾಳಿ ಬೇಕು. ಎರಡು ದಡಿಗೆ ಎರಡು, ಒಡಲಿಗೆ ಒಂದು, ಒಟ್ಟು ಮೂರು ಲಾಳಿ. ಒಡಲಿನ ಹೊಕ್ಕೂ ದಡಿಯ ಹೊಕ್ಕೂ ಸೇರುವ ಗೆರೆಯಲ್ಲಿ ಒಂದನ್ನೊಂದು ಹಿಡಿದುಕೊಂಡು ಹಿಂದಿರುಗುತ್ತವೆ. ಆ ಸೇರುವೆಯನ್ನೇ ಹಲ್ಲುಹಲ್ಲಾಗಿ ಮೇಲೆ ಕೆಳಗೆ ಮಾಡಿದರೆ ಗೋಪುರದ ಸಾಲು. ತಮಿಳಿನಲ್ಲಿ ಇದಕ್ಕೆ ಕೋರ್ವೈ ಎಂದು ಹೆಸರು, ಪೋಣಿಸುವುದು ಅನ್ನುವ ಅರ್ಥ ಅದರಲ್ಲಿದೆ.

ಇದಕ್ಕೆ ಒಬ್ಬ ನೇಕಾರ ಸಾಲದು. ಪಕ್ಕದ ಲಾಳಿ ಎಸೆಯಲು ಇನ್ನೊಬ್ಬರು ಕೂರಬೇಕು. ವೇಳೆ ಹೆಚ್ಚು, ಕೂಲಿ ಎರಡು. ಲಾಭ ನೋಡುವ ವ್ಯಾಪಾರಿ ಮೊದಲು ಕತ್ತರಿಸುವುದು ಇದನ್ನೇ. ದಡಿಯನ್ನು ಸಣ್ಣದು ಮಾಡು, ಒಂದೇ ಲಾಳಿ ಓಡಿಸು, ಮಂಕು ಮುಚ್ಚಲು ಜರಿ ತುಂಬು. ಕಲಾಕ್ಷೇತ್ರದ ಸೀರೆ ಹಿಡಿದ ದಾರಿ ಇದಕ್ಕೆ ಪೂರಾ ಉಲ್ಟಾ. ದಡಿ ಅಗಲವಾಯಿತು, ಬಣ್ಣಕ್ಕೆ ಬಣ್ಣ ಎದುರುಬದುರಾಗಿ ನಿಂತಿತು, ಜರಿ ಹಿಂದೆ ಸರಿಯಿತು. ಡಿಸೈನ್ ಅಂದರೆ ಹೊಸ ಹೂಬಳ್ಳಿ ಬರೆಯುವುದು ಅಂತ ಮಾತ್ರ ತಿಳಿದವರಿಗೆ ಇದು ನಕಲು. ನನ್ನ ಪ್ರಕಾರ ಯಾವುದನ್ನು ಬಿಡಬೇಕು, ಯಾವುದನ್ನು ಬಿಡಲೇಕೂಡದು ಎಂದು ಹಟ ಹಿಡಿಯುವುದೇ ಇಲ್ಲಿ ಡಿಸೈನು.

ಒಂದು ಸೀರೆಯನ್ನೇ ತೆಗೆದುಕೊಳ್ಳಿ. ನನ್ನ ಸಹೋದ್ಯೋಗಿಯೊಬ್ಬರ ತಾಯಿಯದು, ಎಷ್ಟೋ ವರ್ಷ ಉಟ್ಟು ಮೆದುವಾದದ್ದು. ಒಡಲು ತಮಿಳರು ಅರಕ್ಕು ಅನ್ನುವ ಬಣ್ಣ, ನಮ್ಮ ಅರಗು. ಒಡಲಲ್ಲಿ ಒಂದೂ ಬುಟ್ಟಾ ಇಲ್ಲ. ದಡಿ ಸಾಸಿವೆ ಹಳದಿ, ಮೊಣಕಾಲಿನ ಹತ್ತಿರದವರೆಗೂ ಏರಿದೆ. ಹಳದಿಯ ಮೇಲೆ ಒಂದು ಸಾಲು ರುದ್ರಾಕ್ಷಿ, ಅದರ ಮೇಲೆ ನವಿಲುಗಣ್ಣು, ಅಷ್ಟೇ. ಮಡಚಿ ಕೈಯಲ್ಲಿ ಹಿಡಿದಾಗ ಇದು ಬರೀ ಎರಡು ಬಣ್ಣ. ಆ ಹಿರಿಯರು ಉಟ್ಟು ಎದ್ದು ನಾಲ್ಕು ಹೆಜ್ಜೆ ನಡೆದರು ನೋಡಿ, ನೆರಿಗೆಯ ತುದಿಯಲ್ಲಿ ಹಳದಿ ಬಿಚ್ಚಿಕೊಂಡು ಮುಚ್ಚಿಕೊಂಡಿತು. ಆಗ ನನಗೆ ಹೊಳೆದದ್ದು, ಇದು ರಂಗದ ಮೇಲೆ ನಿಂತು ಯೋಚಿಸಿದ ಸೀರೆ. ಕೊನೆಯ ಸಾಲಿನ ಪ್ರೇಕ್ಷಕನಿಗೆ ಬುಟ್ಟಾ ಕಾಣುವುದಿಲ್ಲ, ದಡಿ ಕಾಣುತ್ತದೆ. ದೀಪದ ಬೆಳಕಿಗೆ ಜರಿ ಕಣ್ಣು ಕುಕ್ಕುತ್ತದೆ, ಅರಗು ತಡೆದುಕೊಳ್ಳುತ್ತದೆ. 1944ರ ‘ಕುಟ್ರಾಲ ಕುರವಂಜಿ’ಯಿಂದ 1955ರಲ್ಲಿ ಶುರುವಾಗಿ 1970ರ ತನಕ ನಡೆದ ರಾಮಾಯಣದ ಆರು ನೃತ್ಯನಾಟಕಗಳವರೆಗೆ ಪಾತ್ರಗಳಿಗೆ ಬಟ್ಟೆ ತೊಡಿಸಿದ ಕಣ್ಣು ಅದು. ಸೀರೆಯಂಗಡಿಯಲ್ಲಿ ನಾವು ಮೂಗಿನ ಹತ್ತಿರ ಹಿಡಿದು ನೋಡುತ್ತೇವೆ. ಕಲಾಕ್ಷೇತ್ರದ ಸೀರೆಯನ್ನು ಇಪ್ಪತ್ತು ಅಡಿ ದೂರ ನಿಂತು ನೋಡಬೇಕು.

ಇಷ್ಟು ಹೊಗಳಿದ ಮೇಲೆ ತಕರಾರೂ ಹೇಳಬೇಕು.

ರುಕ್ಮಿಣಿದೇವಿಯವರ ನೃತ್ಯದ ಮೇಲಿರುವ ದೊಡ್ಡ ಆಪಾದನೆ ನಿಮಗೆ ಗೊತ್ತಿರಬಹುದು. ಸದಿರ್ ಎಂಬ ಹೆಸರಿನಲ್ಲಿ ದೇವದಾಸಿ ಮನೆತನಗಳು ಬಾಳಿಸಿಕೊಂಡು ಬಂದ ಕಲೆಯನ್ನು ‘ಶುದ್ಧಿ’ ಮಾಡಿ, ಶೃಂಗಾರದ ಬದಲು ಭಕ್ತಿ ತುಂಬಿ, ಮೇಲ್ಜಾತಿಯ ಹೆಣ್ಣುಮಕ್ಕಳ ಕೈಗೆ ಕೊಟ್ಟರು ಎಂಬುದು. ಶೃಂಗಾರ ಈ ಕಲೆಯ ಜೀವ, ಅದು ತೊಳೆಯಬೇಕಾದ ಕೊಳೆಯಲ್ಲ ಎಂಬುದು ಬಾಲಸರಸ್ವತಿಯವರ ನಿಲುವು. 1947ರಲ್ಲಿ ಮದ್ರಾಸಿನಲ್ಲಿ ದೇವದಾಸಿ ಪದ್ಧತಿ ತಡೆಯುವ ಕಾಯಿದೆ ಬಂತು. ಪದ್ಧತಿ ಹೋದದ್ದು ಒಳ್ಳೆಯದೇ. ಜೊತೆಗೆ ಆ ಮನೆಗಳ ಹೆಂಗಸರು ವೇದಿಕೆಯಿಂದಲೂ ಹೋದರಲ್ಲ, ಅದಕ್ಕೆ ಹೊಣೆ ಯಾರು? ಈ ಜಗಳದಲ್ಲಿ ನಾನು ಬಾಲಸರಸ್ವತಿಯವರ ಕಡೆ.

ಸೀರೆಯಲ್ಲೂ ಇದೇ ನಡೆಯಿತೇ? ಒಂದು ಮಟ್ಟಿಗೆ ಹೌದು. ಗಿಳಿಹಸಿರು, ರಾಣಿ ಗುಲಾಬಿ, ಮೈತುಂಬ ಜರಿ ಇವನ್ನು ಆಸೆಪಟ್ಟು ಉಡುವ ಹೆಂಗಸರು ಈ ಊರಲ್ಲಿ ಲಕ್ಷ ಇದ್ದಾರೆ. ಅವರ ಆಸೆಗೆ ‘ಟೇಸ್ಟ್ ಇಲ್ಲ’ ಅಂತ ಮೂಗು ಮುರಿಯುವ ಒಂದು ವರ್ಗವನ್ನು ಕಲಾಕ್ಷೇತ್ರದ ಸೀರೆ ಸೃಷ್ಟಿಸಿತು. ಡಿಸೆಂಬರ್ ತಿಂಗಳ ಸಂಗೀತೋತ್ಸವದಲ್ಲಿ ಮೈಲಾಪುರದ ಸಭೆಗಳ ಮುಂದಿನ ಸಾಲು ನೋಡಿದರೆ ತಿಳಿಯುತ್ತದೆ, ಅದು ಸಮವಸ್ತ್ರ. ಸರಳತೆಗೂ ಒಂದು ದಿಮಾಕಿರುತ್ತದೆ. ಆದರೂ ನೃತ್ಯಕ್ಕೂ ನೇಯ್ಗೆಗೂ ಒಂದು ವ್ಯತ್ಯಾಸವಿದೆ, ನನ್ನ ತೀರ್ಮಾನ ನಿಂತಿರುವುದು ಅದರ ಮೇಲೆ. ನೃತ್ಯವನ್ನು ಕಲಿತುಕೊಂಡು ಕಲಿಸಿದವರನ್ನು ಬದಿಗಿಡಬಹುದು. ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕೂರುವವನನ್ನು ಬದಿಗಿಟ್ಟರೆ ಸೀರೆಯೇ ಇಲ್ಲ. ನೇಕಾರನ ಕೈ ಬೇಕೇ ಬೇಕಾಗಿದ್ದರಿಂದ ಇಲ್ಲಿ ಅವರ ಹಟ ನೇಕಾರನ ವಿದ್ಯೆಯನ್ನು ಉಳಿಸಿತು. ಮೂರು ಲಾಳಿಯ ಕೆಲಸ ಮರೆತುಹೋಗಲು ಬಿಡಲಿಲ್ಲ.

ಉಳಿಸಿತು ಅನ್ನುವಾಗಲೂ ಒಂದು ಮಾತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಪಕ್ಕದ ಲಾಳಿ ಎಸೆಯಲು ಇನ್ನೊಬ್ಬರು ಬೇಕು ಅಂದೆನಲ್ಲ, ಕಾಂಚಿಪುರದ ಮನೆಗಳಲ್ಲಿ ಬಹುಕಾಲ ಆ ಇನ್ನೊಂದು ಕೈ ಮಕ್ಕಳದ್ದು. ಶಾಲೆಗೆ ಹೋಗಬೇಕಾದ ವಯಸ್ಸಿನ ಕೈ. ನಾವು ಹೊಗಳುವ ಆ ಅಪ್ಪಟ ಹಸಿರು, ಆ ಕಲಸದ ಗೆರೆ, ಅದರ ಬೆಲೆಯಲ್ಲಿ ಇದೂ ಸೇರಿದೆ. ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ ಕೋರ್ವೈ ಕಷ್ಟವಾಯಿತು ಅಂತ ಕೆಲವರು ಕೊರಗುತ್ತಾರೆ. ಕಷ್ಟವಾಗಲಿ. ದೊಡ್ಡವರಿಗೆ ಎರಡು ಕೂಲಿ ಕೊಟ್ಟು ನೇಯಿಸಿದರೆ ಎಷ್ಟಾಗುತ್ತದೋ ಅಷ್ಟೇ ಆ ಸೀರೆಯ ಸರಿಯಾದ ದರ.

ಇದೇ ಕಾಲದಲ್ಲಿ ಖಾದಿಯ ಚಳವಳಿಯೂ ನಡೆದಿತ್ತು. ಖಾದಿ ಕೇಳಿದ್ದು, ಇದನ್ನು ನೂತವರು ಯಾರು ಅಂತ. ರುಕ್ಮಿಣಿದೇವಿ ಕೇಳಿದ್ದು, ಇದು ಹೇಗೆ ಕಾಣುತ್ತದೆ ಅಂತ. ಎರಡೂ ಪ್ರಶ್ನೆಯನ್ನು ಒಟ್ಟಿಗೆ ಕೇಳಬಲ್ಲವರು ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ. ಅವರೂ ಮದ್ರಾಸಿನ ಕ್ವೀನ್ ಮೇರೀಸ್ ಕಾಲೇಜಿನಲ್ಲಿ ಓದಿದವರು. 1952ರಿಂದ ಅಖಿಲ ಭಾರತ ಕರಕುಶಲ ಮಂಡಲಿಯನ್ನು ನಡೆಸಿದವರು. ಕಲಾಕ್ಷೇತ್ರದಲ್ಲಿ ಕಲಂಕಾರಿ ವಿಭಾಗ ಶುರುವಾದದ್ದರಲ್ಲಿ ಅವರ ಕೈಯಿದೆ. ಕರ್ನಾಟಕದಲ್ಲಿ ಅವರ ಹೆಸರು ರಸ್ತೆಗೋ ಸಭಾಂಗಣಕ್ಕೋ ಸೀಮಿತವಾಗಿರುವುದು ಬೇರೆ ಕತೆ.

ಕೆಲವು ವರ್ಷದ ಹಿಂದೆ ನಮ್ಮವ್ವ ಊರಿಂದ ಬಂದಿದ್ದಳು. ಅಂಗಡಿಯೊಂದಕ್ಕೆ ಕರೆದುಕೊಂಡು ಹೋದೆ. ಅವ್ವ ಸೀರೆಯ ಬೆಲೆ ಕೇಳಲಿಲ್ಲ. ದಡಿಯನ್ನು ತಿರುವಿ, ಹಿಂಬದಿಯ ಸೇರುವೆಯ ಮೇಲೆ ಉಗುರಾಡಿಸಿ, “ಇದನ್ನ ಯಾರ ನೇಯ್ದಾರ?” ಅಂದಳು. ನಾನು ತಮಿಳಿನಲ್ಲಿ ಕೇಳಿದೆ. “ಕಲಾಕ್ಷೇತ್ರಾ ಡಿಸೈನ್, ಅಮ್ಮಾ” ಅಂತ ಬಂತು ಉತ್ತರ. ಅವ್ವನಿಗೆ ಹೇಳಿದೆ. “ಡಿಸೈನ್ ಯಾರದರ ಇರ್ಲಿ. ನೇಯ್ದಾಂವ ಯಾರು ಅಂತ ಕೇಳು” ಅಂದಳು. ಮತ್ತೆ ಕೇಳಿದೆ. ಹುಡುಗ ನಕ್ಕು ಇನ್ನೊಂದು ಸೀರೆ ತೆಗೆದ. ಅವ್ವನ ಮದುವೆಯ ಸೀರೆ ಯಾವ ಓಣಿಯ ಯಾರ ಮಗ್ಗದಿಂದ ಇಳಿದದ್ದು, ಆ ವರ್ಷ ಅವರ ಮನೆಯಲ್ಲಿ ಯಾರು ಕಾಯಿಲೆ ಬಿದ್ದಿದ್ದರು ಅಂತೆಲ್ಲ ಅವಳಿಗೆ ನೆನಪಿದೆ. ಪರಊರಿನಲ್ಲಿ ಸೀರೆ ಕೊಳ್ಳುವುದು ಅಂದರೆ ಇಷ್ಟನ್ನೂ ಬಿಟ್ಟು ಬಟ್ಟೆಯನ್ನು ಮಾತ್ರ ಕೊಳ್ಳುವುದು.

ಅವ್ವನ ಪ್ರಶ್ನೆ ಜವಳಿ ಲೋಕಕ್ಕೆ ಹೊಸದೇನಲ್ಲ. ಪ್ರಾಗ್ ನಗರದಲ್ಲಿ 1910ರಲ್ಲಿ ಹುಟ್ಟಿದ ಝೀಕಾ ಆಶರ್ ಎಂಬಾತ 1939ರಲ್ಲಿ, ಜರ್ಮನರು ಜೆಕ್ ನಾಡನ್ನು ನುಂಗಿದಾಗ, ಹೆಂಡತಿ ಲೀಡಾಳ ಜೊತೆ ಊರಿಗೆ ಮರಳಲಾರದೆ ಲಂಡನ್ನಿನಲ್ಲಿ ನೆಲೆ ನಿಂತ. ಅಲ್ಲಿ ರೇಷ್ಮೆಯ ಚೌಕಗಳ ಮೇಲೆ ಮತೀಸ್, ಹೆನ್ರಿ ಮೂರ್ ಅಂಥ ಕಲಾವಿದರ ಚಿತ್ರಗಳನ್ನು ಅಚ್ಚು ಹಾಕಿಸಿದ. ತಲೆಗೆ ಕಟ್ಟುವ ಆ ವಸ್ತ್ರಗಳನ್ನು 1947ರಲ್ಲಿ ಲಂಡನ್ನಿನ ಗ್ಯಾಲರಿಯಲ್ಲಿ ಚಿತ್ರಗಳಂತೆ ಪ್ರದರ್ಶನಕ್ಕಿಟ್ಟರು. ಅವುಗಳ ಮೂಲೆಯಲ್ಲಿ ಕಲಾವಿದನ ಸಹಿಯಿರುತ್ತದೆ. ಪರದೇಶದಲ್ಲಿ ಬೇರೂರಲು ಆಶರನಿಗೆ ದೊಡ್ಡವರ ಸಹಿ ಒದಗಿ ಬಂತು. ಹಾಗಂತ ಅಚ್ಚು ಒತ್ತಿದವನ ಹೆಸರು ಅಲ್ಲೂ ಇಲ್ಲ. ನಮ್ಮಲ್ಲಿ ಸಹಿಗೆ ಹತ್ತಿರದ್ದು ಅಂದರೆ ‘ಎಂ.ಎಸ್. ಬ್ಲೂ’. ಕಾಂಚಿಪುರದ ಮುತ್ತು ಚೆಟ್ಟಿಯಾರರು ಎಂ.ಎಸ್. ಸುಬ್ಬುಲಕ್ಷ್ಮಿಯವರಿಗಾಗಿ ಮಾಡಿಸಿಕೊಟ್ಟ ನೀಲಿ ಅದು. ಬಣ್ಣಕ್ಕೆ ಉಟ್ಟವರ ಹೆಸರು ಬಂತು, ದಡಿಗೆ ನೇಯಿಸಿದ ಸಂಸ್ಥೆಯ ಹೆಸರು ಬಂತು. ಅದ್ದಿದವರ ಹೆಸರು, ನೇಯ್ದವರ ಹೆಸರು ಎಲ್ಲೂ ಬರಲಿಲ್ಲ.

ಆ ಹೆಸರುಗಳು ಸಿಕ್ಕಿದ್ದರೆ ಅವುಗಳಲ್ಲಿ ಕನ್ನಡದವೂ ಇರುತ್ತಿದ್ದವೋ ಏನೋ. ಯಾಕೆ ಹೇಳುತ್ತೇನೆಂದರೆ, ತಮಿಳುನಾಡಿನ ಸೇಲಂ, ಕೊಯಮತ್ತೂರು ಕಡೆ ತಲೆತಲಾಂತರದಿಂದ ನೆಲೆಸಿದ ದೇವಾಂಗ ನೇಕಾರರಲ್ಲಿ ಅನೇಕರ ಮನೆಮಾತು ಕನ್ನಡ. ಮನೆದೇವರು ಚೌಡೇಶ್ವರಿ. ಕೈಮಗ್ಗದ ಮೇಳವೊಂದರಲ್ಲಿ ನಾನೂ ನನ್ನ ಗೆಳತಿಯೂ ಚೌಕಾಸಿ ಮಾಡೋಣವೇ ಬೇಡವೇ ಅಂತ ಕನ್ನಡದಲ್ಲಿ ಪಿಸುಗುಡುತ್ತಿದ್ದಾಗ ಮಳಿಗೆಯ ಹಿರಿಯರು, “ಜೋರಾಗೇ ಮಾತಾಡಿ, ನಾವೂ ದೇವಾಂಗರು” ಅಂದರು. ಊರು ಯಾವುದೆಂದರೆ ಸೇಲಂ. ಕರ್ನಾಟಕದಲ್ಲಿ ಯಾರಾದರೂ ಇದ್ದಾರೆಯೇ ಅಂದರೆ ಯಾರೂ ಇಲ್ಲ, ಮಾತು ಮಾತ್ರ ಇದೆ. ಟಿ. ನಗರದ ಕರ್ನಾಟಕ ಸಂಘಕ್ಕೆ ಹೋಗಿಬರುವ ನಮ್ಮಂಥ ಸಂಬಳದವರು ‘ಹೊರನಾಡ ಕನ್ನಡಿಗ’ ಅಂದಾಗ ನಮ್ಮನ್ನು ಮಾತ್ರ ನೆನೆಯುತ್ತೇವೆ. ನಮಗಿಂತ ಎಷ್ಟೋ ತಲೆಮಾರು ಮೊದಲೇ ಲಾಳಿ ಹಿಡಿದು ಬಂದವರು ಇವರು.

ಇನ್ನು ರೇಷ್ಮೆ. ಕಾಂಚಿಪುರದ ಮಗ್ಗಗಳಿಗೆ ನೂಲು ಹೋಗುತ್ತ ಬಂದಿರುವುದು ಹೆಚ್ಚಾಗಿ ನಮ್ಮ ಕಡೆಯಿಂದಲೇ. ರಾಮನಗರದ ಗೂಡಿನ ಮಾರುಕಟ್ಟೆ, ಶಿಡ್ಲಘಟ್ಟ, ಕೊಳ್ಳೇಗಾಲ. ಜರಿ ಸೂರತ್ತಿನದು. ನೀರಿಗಾಗಿ ಬಡಿದಾಡುವ ಎರಡು ರಾಜ್ಯಗಳು ರೇಷ್ಮೆಯ ವಿಷಯದಲ್ಲಿ ಒಂದನ್ನೊಂದು ಬಿಟ್ಟಿರಲಾರವು. ಹೀಗಿರುವಾಗ ‘ಅಪ್ಪಟ ತಮಿಳು ಪರಂಪರೆ’ ಅಂತ ಅಂಗಡಿಯವರು ಹೇಳಿದರೆ ನನಗೆ ಸಿಟ್ಟೇನೂ ಬರುವುದಿಲ್ಲ, ಇಳಕಲ್ಲಿಗೂ ಹೊರಗಿನ ರೇಷ್ಮೆ ಬಂದೇ ಸೆರಗಾಗಿದೆ. ರುಕ್ಮಿಣಿದೇವಿಯವರೂ ಹಾಗೆಯೇ ಅಲ್ಲವೇ, ರಷ್ಯದವಳ ಮಾತು ಕೇಳಿ ತಂಜಾವೂರಿನ ಕಲೆಗೆ ಹೋದವರು, ಇಟಲಿಯವಳಿಂದ ಹೊಲಿಸಿಕೊಂಡವರು, ಇಂಗ್ಲಿಷನ ಹೆಂಡತಿಯಾಗಿ ಅಜ್ಜಿಯರ ಟ್ರಂಕು ತೆಗೆಸಿದವರು. ಮನೆಯೊಳಗೇ ಉಳಿದಿದ್ದರೆ ಆ ಟ್ರಂಕು ಅವರ ಕಣ್ಣಿಗೆ ಬೀಳುತ್ತಿತ್ತೋ ಇಲ್ಲವೋ.

ನನಗೆ ಬೇಕಾಗಿರುವುದು ಒಂದು ಪುಸ್ತಕ. ಚಿತ್ರನಟಿಯರು ಕಲಾಕ್ಷೇತ್ರದ ಸೀರೆ ಉಟ್ಟು ನಿಂತ ಹೊಳೆಯುವ ಪುಟಗಳಲ್ಲ. ಒಂದು ಪುಟಕ್ಕೆ ಒಂದು ಸೀರೆ, ಮುಂಬದಿಯಷ್ಟೇ ದೊಡ್ಡದಾಗಿ ಹಿಂಬದಿಯ ಚಿತ್ರ, ಸೇರುವೆ ಕಾಣುವ ಹಾಗೆ. ಮಾದರಿ ಯಾವ ಅಜ್ಜಿಯ ಟ್ರಂಕಿನದು, ಅದರಲ್ಲಿ ರುಕ್ಮಿಣಿದೇವಿ ಬದಲಿಸಿದ್ದೇನು, ದಡಿ ಎಷ್ಟು ಅಂಗುಲ, ಬಣ್ಣ ಅದ್ದಿದವರು ಯಾರು, ಎಷ್ಟು ದಿನ ಹಿಡಿಯಿತು, ಕೂಲಿ ಎಷ್ಟು ಕೊಟ್ಟರು. ಕೆಳಗೆ ಎರಡು ಹೆಸರು, ನಡುವಿನ ಲಾಳಿಯವರದು, ಪಕ್ಕದ ಲಾಳಿಯವರದು.